ಅದು ಅಂದದ್ದು ಯಾರನ್ನು

ಗುರುಪುರ
14-6-2024

ರಮ್ಯಾ,

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗುವುದು ಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಣ್ಣ ವಸಂತ್ ಹೊಗೆಸೊಪ್ಪಿನ ಸಸಿ ನೆಟ್ಟು ಮುಗಿಸಿದ್ದಾನೆ. ನಿನ್ನ ಅತ್ತಿಗೆ ಪ್ರಮೀಳಾ ಎಂದಿನಂತೆ ಎಲ್ಲಕ್ಕೂ ಉಪ್ಪು ಹೆಚ್ಚು ಹಾಕುತ್ತಾಳೆ.

ನೀನು ಜಾತಿ ಬಿಟ್ಟು ಕಾಡಿನ ಹಾಡಿಗೆ ಮದುವೆಯಾಗಿ ಹೋದ ದಿನ ದೇವರ ಮುಂದೆ ನಿಂತು, ಇನ್ನು ಈ ಬಾಯಿಂದ ಅವಳ ಹತ್ತಿರ ಮಾತಾಡುವುದಿಲ್ಲ ಎಂದವಳು ನಾನು. ಬಾಯಿಂದ ಎಂದಿದ್ದೆ. ಕೈಯಿಂದ ಬರೆಯುವುದಿಲ್ಲ ಎಂದಿರಲಿಲ್ಲ. ಆದ್ದರಿಂದ ಈ ಕಾಗದದಿಂದ ನನ್ನ ಮಾತೇನೂ ತಪ್ಪಿದಂತಲ್ಲ.

ವಿಷಯ ಇಷ್ಟೇ. ನನ್ನ ಫೋನು ಕೆಟ್ಟಿದೆ. ಮೇ ತಿಂಗಳಲ್ಲಿ ಕೊಟ್ಟಿಗೆಯ ಕಲ್ಲಿನ ಮೇಲೆ ಬಿದ್ದು ಗಾಜು ಒಡೆಯಿತು. ಹುಣಸೂರಿನಲ್ಲಿ ಧರ್ಮೇಂದ್ರ ಎಂಬುವನ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿ, ಇಪ್ಪತ್ತೆಂಟನೇ ತಾರೀಖು ತಂದೆ. ಆವತ್ತಿನಿಂದ ಅದು ಒಂದು ಹೊತ್ತು ಇದ್ದ ಹಾಗೆ ಇನ್ನೊಂದು ಹೊತ್ತು ಇಲ್ಲ.

ಗುರುವಾರ ಸಂಜೆ ಆರರ ಸುಮಾರಿಗೆ ಎರಡು ಸಲ ರಿಂಗಾಗಿ ನಿಂತುಹೋಗುವ ಒಂದು ಕರೆ ಬರುತ್ತಿತ್ತು. ಎರಡು ವರ್ಷದಿಂದ ಬರುತ್ತಿತ್ತು. ಯಾರದು ಎಂದು ನಾನು ಕೇಳಿಲ್ಲ, ಎತ್ತಿಯೂ ಇಲ್ಲ. ಆ ನಂಬರಿಗೆ ಹೆಸರು ಹಾಕಿಕೊಂಡಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಬಾಯಿಪಾಠ. ಈಗ ಮೂರು ಗುರುವಾರ ಆಯಿತು, ಆ ಕರೆ ಇಲ್ಲ. ಕರೆ ಬಂದು ಫೋನು ರಿಂಗಾಗಲಿಲ್ಲವೋ, ಕರೆಯೇ ಬರಲಿಲ್ಲವೋ, ಅಷ್ಟು ತಿಳಿಯಬೇಕು. ಪ್ರಮೀಳಾ ತನ್ನ ಫೋನಿನಿಂದ ಮೂರು ಸಲ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಒಬ್ಬಳು ಹೇಳಿದ್ದನ್ನೇ ಹೇಳುತ್ತಾಳೆ.

ನಿನಗೆ ಐದು ತಿಂಗಳು ಎಂದು ಕಿವಿಗೆ ಬಿದ್ದಿದೆ. ಯಾರು ಹೇಳಿದರು ಎನ್ನುವುದು ಬೇಡ. ನಿಮ್ಮ ಹಾಡಿಯ ರಸ್ತೆಯಲ್ಲಿ ಆನೆ ತಿರುಗುವುದು ಸಂಜೆಯೇ. ಇಷ್ಟು ಗೊತ್ತಿದ್ದೂ ಏನೂ ಗೊತ್ತಿಲ್ಲದವಳ ಹಾಗೆ ಕೂತಿರಲು ನನಗೆ ಆಗುತ್ತಿಲ್ಲ.

ಎಚ್.ಡಿ. ಕೋಟೆ ಕಡೆ ನೀನು ಕೆಲಸ ಮಾಡುವ ಆಶ್ರಮ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಒಂದು ಸಾಲು ಬರೆದರೆ ಸಾಕು.

ನಿನ್ನ ತಾಯಿ,
ಚಿಕ್ಕಸಿದ್ದಮ್ಮ


ಗುರುಪುರ
23-6-2024

ರಮ್ಯಾ,

ಉತ್ತರ ಬರಲಿಲ್ಲ. ಅಂಚೆಯವನನ್ನು ಕೇಳಿದೆ. "ಕೋಟೆ ಕಡೆ ಕಾಗ್ದ ಅಂದ್ರೆ ವಾರ ಆಯ್ತದೆ ಕಣಮ್ಮ" ಎಂದ. ವಾರ ಆಗಿ ಎರಡು ದಿನವಾಯಿತು.

ಫೋನಿನ ಕಾಯಿಲೆ ಗೊತ್ತಾಯಿತು. ಯಾರೂ ಮುಟ್ಟದೆಯೇ, ಯಾರೋ ಬೆರಳಿಟ್ಟ ಹಾಗೆ ಅದು ತಾನೇ ಕೆಲಸ ಮಾಡುತ್ತದೆ. ಬಂದ ಕರೆಯನ್ನು ತಾನೇ ಎತ್ತುತ್ತದೆ. ತಾನೇ ಕರೆ ಮಾಡುತ್ತದೆ. ಮೊನ್ನೆ ಒಂದೇ ದಿನ ಹಾಲಿನ ಡೇರಿಯ ಕಾರ್ಯದರ್ಶಿ ರೇಣುಕಾಪ್ರಸಾದನಿಗೆ ಒಂಬತ್ತು ಸಲ ಹೋಗಿದೆ. ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಏನ್ರೀ ಅಕ್ಕ, ನಮ್ಮೆಜಮಾನ್ರ ತಾವ ಅಂಥಾ ಮಾತೇನು ನಿಮ್ದು, ಒಂಬತ್ತು ಸಲ?" ಅರವತ್ತರ ಹತ್ತಿರ ನನಗೆ ಈ ಪಟ್ಟ ಬೇಕಿತ್ತೇ?

ನಿನ್ನೆ ಹುಣಸೂರಿಗೆ ಹೋಗಿ ಧರ್ಮೇಂದ್ರನ ಮುಂದೆ ಫೋನು ಇಟ್ಟೆ. ಅವನ ಕಣ್ಣೆದುರಿಗೇ ಅದು ಎರಡು ಸಲ ಕುಣಿಯಿತು.

"ನೀರು ಹೋಗ್ಬುಟ್ಟದೆ ಅಜ್ಜಿ. ನೀವೇ ಎಲ್ಲೋ ಬೀಳಿಸ್ಕೊಂಡಿದೀರ."

"ಅಜ್ಜಿ ಅನ್ನಬ್ಯಾಡ, ನಿಮ್ಮವ್ವನ ವಯಸ್ಸು ನಂದು. ಗಾಜು ಒಡೆದೋಳು ನಾನು, ಒಪ್ಕೋತೀನಿ. ತಂತಾನೇ ಫೋನ್ ಎತ್ತೋ ಗಾಜು ಹಾಕ್ದೋರು ಯಾರು?"

"ಟಚ್ ಒಸಿ ಸೆನ್ಸಿಟಿವ್ ಕಣಮ್ಮ."

"ಮುಟ್ಟದಿದ್ರೂ ಮುಟ್ಟುದ್ರು ಅನ್ನೋದು ಸೆನ್ಸಿಟಿವ್ ಅಲ್ಲ ಕಣಪ್ಪ, ಸುಳ್ಳು."

ಪಕ್ಕದಲ್ಲಿ ನಿಂತವರು ನಕ್ಕರು. ಅವನಿಗೆ ಸಿಟ್ಟು ಬಂತು. ಬಿಲ್ಲಿನ ಕೆಳಗೆ ಅಚ್ಚಾಗಿರುವ ಸಾಲು ತೋರಿಸಿದ: ರಿಪೇರಿಯ ನಂತರ ಅಂಗಡಿಯವರು ಜವಾಬ್ದಾರರಲ್ಲ. ನಾನು ಮೇಲಿನ ಸಾಲು ತೋರಿಸಿದೆ. ಕಂಪನಿಯ ಒರಿಜಿನಲ್ ಗಾಜು ಎಂದು ಅವನೇ ಕೈಯಾರೆ ಬರೆದಿದ್ದಾನೆ. ಬಿಲ್ಲು ಬರೆಸಿಕೊಳ್ಳದೆ ನಾನು ಯಾವ ಅಂಗಡಿಯ ಮೆಟ್ಟಿಲೂ ಇಳಿದವಳಲ್ಲ.

ಇದನ್ನೆಲ್ಲ ನಿನಗೆ ಬರೆಯಲು ಕಾರಣ ಬೇರೆ. ಮನೆಗೆ ಬಂದ ಮೇಲೆ ಪ್ರಮೀಳಾ ಫೋನಿನ ಹಳೆಯ ಕರೆಗಳ ಪಟ್ಟಿ ತೆಗೆದಳು. ಮೇ ಮೂವತ್ತು, ಗುರುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ನಿನ್ನ ನಂಬರಿನಿಂದ ಬಂದ ಕರೆ. ಮಾತಾಡಿದ ಹೊತ್ತು ನಾಲ್ಕು ನಿಮಿಷ.

ನಾನು ಎತ್ತಲಿಲ್ಲ ರಮ್ಯಾ. ಆ ಗಾಜು ಎತ್ತಿದೆ. ಆಗ ಫೋನು ಜಗಲಿಯ ಗೂಡಿನಲ್ಲಿತ್ತು, ನಾನು ಹಾಲು ಕರೆಯುವ ಹೊತ್ತು. ನಾಲ್ಕು ನಿಮಿಷ ನೀನು ಏನು ಕೇಳಿದೆ? ಹಸುವಿನ ಮೇಲೆ ರೇಗುವುದು ನನ್ನ ಅಭ್ಯಾಸ, ನಿನಗೆ ಗೊತ್ತಿದ್ದದ್ದೇ.

ಏನು ಕೇಳಿದೆ ಎಂದು ಬರೆ.

ನಿನ್ನ ತಾಯಿ,
ಚಿಕ್ಕಸಿದ್ದಮ್ಮ


ಗುರುಪುರ
26-6-2024

ಧರ್ಮೇಂದ್ರ ಅವರಿಗೆ,
ಮೊಬೈಲ್ ರಿಪೇರಿ ಅಂಗಡಿ, ಹುಣಸೂರು

ನೀವು ನನ್ನ ಫೋನಿಗೆ ಹಾಕಿದ ಗಾಜು ಒರಿಜಿನಲ್ ಅಲ್ಲ ಎಂದು ಕಂಪನಿಯ ಸರ್ವಿಸ್ ಸೆಂಟರಿನವರು ನೋಡಿ, ಬರೆದು ಕೊಟ್ಟಿದ್ದಾರೆ. ನೀರು ಹೋಗಿಲ್ಲ ಎಂದೂ ಬರೆದಿದ್ದಾರೆ. ಅದರ ನಕಲು ಇದರ ಜೊತೆ ಇದೆ.

ರಿಪೇರಿ ಕೂಡ ದುಡ್ಡು ತೆಗೆದುಕೊಂಡು ಮಾಡುವ ಸೇವೆ. ಅದರಲ್ಲಿ ಕೊರತೆಯಾದರೆ ಕೇಳುವ ಹಕ್ಕು ಗ್ರಾಹಕರಿಗಿದೆ. ಬಿಲ್ಲಿನ ಕೆಳಗೆ ನೀವು ಜವಾಬ್ದಾರರಲ್ಲ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಕಾನೂನು ಜವಾಬ್ದಾರಿಯಿಂದ ಬಿಡುವುದಿಲ್ಲ. ಗ್ರಾಹಕರ ಸಹಾಯವಾಣಿ 1915 ನಂಬರಿಗೆ ಫೋನು ಮಾಡಿ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಹದಿನೈದು ದಿನದೊಳಗೆ ಸರಿಯಾದ ಗಾಜು ಹಾಕಿಕೊಡಬೇಕು, ಇಲ್ಲವೇ ನನ್ನ ಹಣ ಹಿಂತಿರುಗಿಸಬೇಕು. ಎರಡೂ ಆಗದಿದ್ದರೆ ಮೈಸೂರಿನ ಗ್ರಾಹಕರ ಆಯೋಗದಲ್ಲಿ ಭೇಟಿಯಾಗೋಣ. ನಾನು ಹಟ ಹಿಡಿದರೆ ಬಿಡುವವಳಲ್ಲ. ನನ್ನ ಊರಿನಲ್ಲಿ ಯಾರನ್ನಾದರೂ ಕೇಳಿ.

ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ರಸೀದಿ ನನ್ನ ಹತ್ತಿರ ಇದೆ.

ಚಿಕ್ಕಸಿದ್ದಮ್ಮ, ಎಸ್.ಎಸ್.ಎಲ್.ಸಿ.
ಗುರುಪುರ


ಆಶ್ರಮ ಶಾಲೆ
ಎಚ್.ಡಿ. ಕೋಟೆ ತಾಲ್ಲೂಕು
4-7-2024

ಅಮ್ಮ,

ನಾನು ಚೆನ್ನಾಗಿದ್ದೇನೆ. ನಿನ್ನ ಮೊದಲ ಕಾಗದ ಬಂದಾಗಲೇ ಬರೆಯಬೇಕಿತ್ತು. ಪೆನ್ನು ಹಿಡಿದು ಎರಡು ಸಲ ಕೂತೆ, ಆಗಲಿಲ್ಲ.

ಇಲ್ಲಿ ಸಿಗ್ನಲ್ ಸಿಗುವುದು ರಸ್ತೆ ತಿರುವಿನ ಮೋರಿಯ ಮೇಲೆ ಮಾತ್ರ, ಹಾಡಿಯಿಂದ ಅರ್ಧ ಮೈಲಿ. ಗುರುವಾರ ನಿನ್ನ ಅಳಿಯ ಶಿವಣ್ಣನಿಗೆ ಕಾಡಿನ ಕಾವಲು ಕೆಲಸದಿಂದ ಬಿಡುವು. ಅವರು ಜೊತೆಗೆ ಬಂದು, ನಾನು ಫೋನು ಮಾಡಿ ಮುಗಿಸುವವರೆಗೂ ಕಾಡಿನ ಕಡೆ ಮುಖ ಮಾಡಿ ನಿಂತಿರುತ್ತಿದ್ದರು.

ಆವತ್ತು ಎರಡನೇ ರಿಂಗಿಗೆ ನಾನು ಕಟ್ ಮಾಡುವ ಮೊದಲೇ ಎತ್ತಿದ ಸದ್ದಾಯಿತು. ನೀನೇ ಎತ್ತಿದೆ ಎಂದುಕೊಂಡೆ. ಶಿವಣ್ಣನಿಗೆ ಕೈಸನ್ನೆ ಮಾಡಿ ಕರೆದೆ. ಅಮ್ಮ ಎಂದು ಮೂರು ಸಲ ಕೂಗಿದೆ. ಆಮೇಲೆ ನಿನ್ನ ದನಿ ಕೇಳಿಸಿತು. ಸ್ಪೀಕರ್ ಹಾಕಿದ್ದೆ, ಅವರಿಗೂ ಕೇಳಿಸಲಿ ಎಂದು.

"ಕಾಡು ಸೇರಿದ್ದು ಸೇರ್ತು. ಇನ್ನು ಅದು ತಿರುಗಿ ಬಂದ್ರೂ ಒಳೀಕೆ ಬುಡಬ್ಯಾಡಿ. ಹೊಟ್ಟೇಲಿರೋದು ಯಾವ ಜಾತೀದೋ ಏನೋ."

ನೀನು ಕೇಳಿದ್ದೀಯ, ಬರೆದಿದ್ದೇನೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಷ್ಟು ಕೇಳಿದ ಮೇಲೂ ನಾನು ಕಟ್ ಮಾಡಲಿಲ್ಲ. ಪ್ರಮೀಳತ್ತಿಗೆ ಲೋಟ ಇಟ್ಟ ಸದ್ದು, ಹಸು ಕೂಗಿದ್ದು, ಯಾರೋ ಕೆಮ್ಮಿದ್ದು ಎಲ್ಲ ಕೇಳಿಸುತ್ತಿತ್ತು. ನಮ್ಮ ಮನೆಯ ಸದ್ದು ಕೇಳಿ ಎರಡು ವರ್ಷ ಆಗಿತ್ತಲ್ಲ. ಶಿವಣ್ಣನೇ ಫೋನು ಕೈಯಿಂದ ತೆಗೆದುಕೊಂಡರು. ಮನೆ ಹತ್ತಿರ ಬಂದಾಗ, "ಕಾಲ್ ನೋಡ್ಕೊಂಡು ಇಡು, ಕಲ್ಲದೆ" ಎಂದರು.

ಅವರ ತಾಯಿ ಬೆಳ್ಳಿ ಈಗ ನನ್ನನ್ನು ಸಂಜೆ ಹೊರಗೆ ಬಿಡುವುದಿಲ್ಲ. ಮೋರಿಯ ಹತ್ತಿರ ಒಂಟಿ ಆನೆ ಇದೆ. ಬಿಟ್ಟಿದ್ದರೂ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ರಮ್ಯಾ


ಗುರುಪುರ
15-7-2024

ರಮ್ಯಾ,

ನಿನ್ನ ಕಾಗದ ಓದಿದೆ. ನನಗೆ ಅನುಮಾನ ಇದ್ದದ್ದು ಅದೇ.

ಅದು ನಿನ್ನನ್ನು ಅಂದದ್ದಲ್ಲ. ನಮ್ಮ ಗಬ್ಬದ ಕಡಸು ಹಗ್ಗ ಕಿತ್ತುಕೊಂಡು ಕಾಡಿನ ಕಡೆ ಹೋಗಿತ್ತು. ಅದನ್ನೇ ಬೈಯುತ್ತಿದ್ದೆ. ಜಾತಿ ಎಂದದ್ದು ಹೋರಿಯ ಜಾತಿ. ಜರ್ಸಿಯೋ ನಾಟಿಯೋ ಯಾರಿಗೆ ಗೊತ್ತು? ನಮ್ಮ ಕಡೆ ಹಸುವನ್ನೂ ಅದು ಅನ್ನುತ್ತೇವೆ, ಹೆಣ್ಣುಮಕ್ಕಳನ್ನೂ ಅದು ಅನ್ನುತ್ತೇವೆ. ಬೆಳೆದ ಮಗಳನ್ನು ಅದು ಇದು ಅನ್ನಬಾರದು ಎಂದು ಪಾಠ ಹೇಳಿದವಳು ನೀನೇ. ಆ ಹಾಳು ಅಭ್ಯಾಸದಿಂದ ನಿನಗೆ ಹಾಗೆ ಕೇಳಿಸಿದೆ. ಇದಕ್ಕೆಲ್ಲ ಮೂಲ ಆ ಧರ್ಮೇಂದ್ರನ ಗಾಜು.

ಅವನು ನನ್ನ ನೋಟಿಸಿಗೆ ಉತ್ತರ ಕೊಡಲಿಲ್ಲ. ಶುಕ್ರವಾರ ರೇಣುಕಾಪ್ರಸಾದನನ್ನು ಕರೆದುಕೊಂಡು ಮೈಸೂರಿಗೆ ಹೋಗಿ ದೂರು ಕೊಟ್ಟೆ. ಅವನ ಹೆಂಡತಿಯೂ ಬಂದಿದ್ದಳು. ಕಾವಲಿಗೆ ಎಂದು ಕಾಣುತ್ತದೆ. ವಕೀಲರು ಬೇಕಾಗಲಿಲ್ಲ, ನಾನೇ ಬರೆದೆ. ಅಲ್ಲಿನ ಗುಮಾಸ್ತೆ ಹೆಣ್ಣುಮಗಳು ಓದಿ ನೋಡಿ, "ಎಲ್ಲಿ ಓದಿದ್ರಮ್ಮ?" ಎಂದು ಕೇಳಿದಳು. ಭೇರ್ಯದ ಹೈಸ್ಕೂಲು ಎಂದೆ.

ಏನು ಪರಿಹಾರ ಬೇಕು ಎನ್ನುವಲ್ಲಿ ಎರಡು ಬರೆದಿದ್ದೇನೆ. ಒಂದು, ರಿಪೇರಿಯ ಹಣ. ಎರಡು, ಮಾನಸಿಕ ವೇದನೆಗೆ ಪರಿಹಾರ. ಮಗಳು ತಪ್ಪು ತಿಳಿದು ದೂರವಾದದ್ದಕ್ಕಿಂತ ದೊಡ್ಡ ವೇದನೆ ತಾಯಿಗೆ ಯಾವುದಿದೆ ಎಂದೇ ಬರೆದೆ. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ರೇಣುಕಾಪ್ರಸಾದನ ಹೆಂಡತಿ ನೀರು ತಂದುಕೊಟ್ಟಳು.

ಈಗ ನಿನ್ನಿಂದ ಒಂದು ಆಗಬೇಕು. ಆ ಕರೆಗೆ ಸಾಕ್ಷಿ ನೀನೊಬ್ಬಳೇ. ಇಂಥ ದಿನ ಫೋನು ಮಾಡಿದೆ, ತಾಯಿ ಎತ್ತದೆಯೇ ಫೋನು ಎತ್ತಿಕೊಂಡಿತು, ದನದ ವಿಷಯವಾಗಿ ಆಡಿದ ಮಾತನ್ನು ನನ್ನ ವಿಷಯ ಎಂದು ತಪ್ಪು ತಿಳಿದೆ ಎಂದು ಒಂದು ಅಫಿಡವಿಟ್ ಬೇಕು. ಕೋಟೆಯಲ್ಲಿ ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಮುಂದಿನ ವಿಚಾರಣೆ ಆಗಸ್ಟ್ ಇಪ್ಪತ್ತೆಂಟಕ್ಕೆ.

ಸಂಜೆ ಹೊರಗೆ ಹೋಗಬೇಡ. ಬೆಳ್ಳಿಯವರು ಹೇಳಿದ್ದು ಸರಿ.

ನಿನ್ನ ತಾಯಿ,
ಚಿಕ್ಕಸಿದ್ದಮ್ಮ


ಆಶ್ರಮ ಶಾಲೆ
1-8-2024

ಅಮ್ಮ,

ನೀನು ಹೇಳಿದಂತೆ ಬರೆದಿದ್ದೇನೆ. ಇನ್ನೂ ಸಹಿ ಹಾಕಿಲ್ಲ. ಅದನ್ನು ಕೇಳುವುದಕ್ಕೇ ಈ ಕಾಗದ.

ನಿನ್ನ ಕಾಗದವನ್ನು ಶಿವಣ್ಣನಿಗೆ ಓದಿ ಹೇಳಿದೆ. ಅವರ ಮುಖ ಎಷ್ಟೋ ದಿನದ ಮೇಲೆ ತಿಳಿಯಾಯಿತು. "ನೋಡು, ನಾ ಅಂದಿರ್ನಿಲ್ವಾ, ಹಸೂಗೆ ಅಂದಿರ್ತಾರೆ ಅಂತ" ಎಂದರು. ಅವರು ಹಾಗೆ ಯಾವತ್ತೂ ಅಂದಿರಲಿಲ್ಲ. ನನಗಾಗಿ ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಕಡಸು ಸಿಕ್ತಂತಾ? ನಾನು ನಾಗರಹೊಳೆ ಕಡೆ ವಾಚರ್‌ಗಳಿಗೆ ಒಂದ್ ಮಾತು ಹೇಳ್ಲಾ, ಹುಡುಕ್ಲಿ" ಎಂದು ಕೇಳಿದರು. ಯಾವ ಬಣ್ಣ, ಕೊಂಬು ಹೇಗೆ, ಎಲ್ಲ ಕೇಳಿ ಬರೆ ಎಂದಿದ್ದಾರೆ.

ಅಫಿಡವಿಟ್ ಓದಿದಾಗ ಬೆಳ್ಳಿ ಅತ್ತೆ ಅಲ್ಲೇ ಇದ್ದರು. ಅವರಿಗೆ ಕಾಗದದ ಗೊಡವೆ ಇಲ್ಲ. ಪ್ರಮಾಣ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕೈಲಿದ್ದ ಮೊರ ಕೆಳಗಿಟ್ಟರು. "ಬಸುರಿ ಪರಮಾಣ ಮಾಡೋದು ಸಣ್ಣ ಮಾತಲ್ಲ ಕಣವ್ವಾ. ನಿಜ ಆದ್ರೆ ಮಾಡು. ನಿಜ ಅಲ್ದಿದ್ರೆ ಮಗೀಗೆ ಅಂಟ್ಕತದೆ" ಎಂದರು. ನೀನೂ ಇದೇ ಮಾತು ಹೇಳುತ್ತಿದ್ದೆ. ನಮ್ಮ ಪಕ್ಕದ ಮನೆಯವರ ಜಮೀನಿನ ಜಗಳದಲ್ಲಿ ಸೊಸೆಯಿಂದ ಪ್ರಮಾಣ ಮಾಡಿಸಲು ಹೊರಟಾಗ ಅಡ್ಡ ನಿಂತವಳು ನೀನು. ಏಳು ತಿಂಗಳು ಅವಳಿಗೆ. ನನಗೂ ಈಗ ಏಳು ನಡೆಯುತ್ತಿದೆ.

ನನಗೆ ಆ ನಂಬಿಕೆ ಎಷ್ಟಿದೆಯೋ ಗೊತ್ತಿಲ್ಲ. ಆದರೂ ಕೇಳುತ್ತೇನೆ. ಕಡಸು ಹೋಗಿತ್ತೇ, ಅಮ್ಮ? ಹೌದು ಎಂದು ಒಂದು ಸಾಲು ಬರೆ. ಮಾರನೆಯ ದಿನವೇ ಕೋಟೆಗೆ ಹೋಗಿ ಸಹಿ ಹಾಕಿ ಬರುತ್ತೇನೆ. ಮತ್ತೆ ಕೇಳುವುದಿಲ್ಲ.

ರಮ್ಯಾ


ಗುರುಪುರ
10-8-2024

ರಮ್ಯಾ,

ಸಹಿ ಹಾಕಬೇಡ.

ಕಡಸು ಎಲ್ಲಿಗೂ ಹೋಗಿರಲಿಲ್ಲ. ನಾನು ಆ ಮಾತು ಆಡುವಾಗ ಪ್ರಮೀಳಾ ಅದಕ್ಕೆ ಹುಲ್ಲು ಹಾಕುತ್ತಿದ್ದಳು. ಮೊನ್ನೆ ಹೆಣ್ಣು ಕರು ಹಾಕಿದೆ.

ಅಂದದ್ದು ನಿನ್ನನ್ನೇ.

ಆವತ್ತು ಸಂಜೆ ನಿನ್ನ ಗೋವಿಂದಯ್ಯ ಮಾವ ಬಂದಿದ್ದ. ನೀನು ಕೇಳಿದ ಕೆಮ್ಮು ಅವನದು. ನಿನಗೆ ಐದು ತಿಂಗಳು ಎಂದು ಹೇಳಿ, ನಾನು ಏನನ್ನುತ್ತೇನೆ ಎಂದು ನನ್ನ ಮುಖವನ್ನೇ ನೋಡುತ್ತ ಕೂತ. ಅವನ ಬಾಯಲ್ಲಿ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವನು ಅಂದು ನಾನು ಕೇಳಿಸಿಕೊಳ್ಳುವುದಕ್ಕಿಂತ ನಾನೇ ಮೊದಲು ಅಂದುಬಿಟ್ಟರೆ ಮನೆಯ ಮರ್ಯಾದೆ ಉಳಿಯುತ್ತದೆ ಎನ್ನಿಸಿತು. ಅವನು ಅನ್ನುತ್ತಿದ್ದದ್ದಕ್ಕಿಂತ ಕೆಟ್ಟದ್ದನ್ನೇ ಅಂದೆ. ಅವನೇ ಬೆಚ್ಚಿ, "ಬುಡು ಅಕ್ಕ, ಅಷ್ಟ್ಯಾಕೆ" ಎಂದ. ಆರೂವರೆಗೆ ಎದ್ದು ಹೋದ. ಅವನು ಹೋದ ಮೇಲೆ ನಾನು ಫೋನು ಮುಂದಿಟ್ಟುಕೊಂಡು ಎಂಟು ಗಂಟೆಯವರೆಗೆ ಕೂತಿದ್ದೆ, ಈವತ್ತು ಯಾಕೆ ತಡವಾಯಿತು ಎಂದು.

ಇದನ್ನು ನಾನು ಜುಲೈನಲ್ಲೇ ಬರೆಯಬೇಕಿತ್ತು. ಸುಳ್ಳು ಹೇಳಿದ್ದಲ್ಲದೆ ನಿನ್ನ ಕೈಯಿಂದ ಪ್ರಮಾಣ ಮಾಡಿಸಲು ಹೊರಟೆ. ನಿನ್ನ ಅತ್ತೆ ಮೊರ ಕೆಳಗಿಡದಿದ್ದರೆ ನೀನು ಸಹಿ ಹಾಕುತ್ತಿದ್ದೆ, ನಾನು ಹಾಕಿಸಿಕೊಳ್ಳುತ್ತಿದ್ದೆ. ನಿನ್ನ ಕಾಗದ ಬಂದ ಈ ಎರಡು ದಿನದಿಂದ ಅದೇ ಕಣ್ಣ ಮುಂದೆ ಬರುತ್ತಿದೆ.

ನಿನ್ನೆ ಮೈಸೂರಿಗೆ ಹೋಗಿದ್ದೆ. ದೂರಿನಲ್ಲಿ ಮಾನಸಿಕ ವೇದನೆಯ ಭಾಗ ಕೈಬಿಡುತ್ತೇನೆ ಎಂದು ಅರ್ಜಿ ಬರೆದುಕೊಟ್ಟೆ. ಗುಮಾಸ್ತೆ ಹೆಣ್ಣುಮಗಳು, "ಯಾಕಮ್ಮ, ಅದು ನಿಮ್ಮ ಹಕ್ಕು, ಯಾರಾದರೂ ಹೆದರಿಸಿದರಾ?" ಎಂದು ಮತ್ತೆ ಮತ್ತೆ ಕೇಳಿದಳು. ಗಾಜು ಕೆಟ್ಟದ್ದು ಅವನ ತಪ್ಪು, ಅದನ್ನು ಬಿಡುವುದಿಲ್ಲ, ಬಾಯಿ ಕೆಟ್ಟದ್ದಕ್ಕೆ ಅವನು ಹೊಣೆಯಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮುದ್ರೆ ಒತ್ತಿ ಕೊಟ್ಟಳು.

ಈಗ ಅಫಿಡವಿಟ್ಟಿಗೆ ಬೇಕಾಗಿರುವುದು ಒಂದೇ ಸಾಲು. ಮೇ ಮೂವತ್ತರಂದು ನೀನು ಫೋನು ಮಾಡಿದೆ, ನಾನು ಎತ್ತದೆ ಅದು ತಾನೇ ಎತ್ತಿಕೊಂಡಿತು, ನಾನು ನಿನ್ನ ಜೊತೆ ಮಾತಾಡಲಿಲ್ಲ. ಅದರಲ್ಲಿ ಸುಳ್ಳಿಲ್ಲ. ಅದನ್ನೂ ಬರೆಯುವುದಿಲ್ಲ ಎಂದರೆ ಬೇಡ. ಸರ್ವಿಸ್ ಸೆಂಟರಿನ ಕಾಗದ ಇದೆ, ಕೇಸು ನಡೆದಷ್ಟು ನಡೆಯಲಿ.

ಇಪ್ಪತ್ತನೇ ತಾರೀಖು ಮಂಗಳವಾರ ನಾನು ಕೋಟೆಗೆ ಬರುತ್ತೇನೆ. ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನಿನಗೆ ಮನಸ್ಸಿದ್ದರೆ ಬಾ. ಶಿವಣ್ಣನನ್ನೂ ಕರೆದುಕೊಂಡು ಬಾ. ಆ ಮಾತು ಕೇಳಿಸಿಕೊಂಡವರು ಇಬ್ಬರು. ಅವರು ಇಲ್ಲದ ಕಡಸನ್ನು ಹುಡುಕಲು ಹೊರಟಿದ್ದಾರೆ. ಹುಡುಕುವುದು ಬೇಡ ಎಂದು ನೀನು ಹೇಳಬೇಡ, ನಾನೇ ಹೇಳಬೇಕು. ಯಾಕೆ ಬೇಡ ಎನ್ನುವುದನ್ನೂ ಅವರ ಮುಖ ನೋಡಿಯೇ ಹೇಳಬೇಕು. ಅಂಥದ್ದನ್ನು ಕಾಗದದಲ್ಲಿ ಕಳಿಸಿ ಮನೆಯಲ್ಲಿ ಕೂರುವುದು ಸರಿಯಲ್ಲ. ಕೇಳಿಸಿಕೊಂಡ ಮೇಲೆ ಅವರು ಏನಂದರೂ ನಾನು ಎದುರಾಡುವುದಿಲ್ಲ.

ನೀವು ಬರದಿದ್ದರೆ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಹಾಡಿಗೇ ಬರುತ್ತೇನೆ. ಸಂಜೆಯೊಳಗೆ ಹೇಳಿ ಮುಗಿಸುತ್ತೇನೆ.

ನಮ್ಮ ಬಸ್ಸು ತಡವಾದರೆ ನಿಂತುಕೊಂಡು ಕಾಯಬೇಡ. ನೆರಳು ನೋಡಿಕೊಂಡು ಕೂತಿರು.

ನಿನ್ನ ತಾಯಿ,
ಚಿಕ್ಕಸಿದ್ದಮ್ಮ